ಕುಂಚವನ್ನೇ ಸೇವೆಯಾಗಿಸಿದ ಬ್ರದರ್ ಮೊಸ್ಕೆನಿ

ಮಂಗಳೂರಿನ ಬಾವುಟಗುಡ್ಡೆಯ ಮೇಲಿರುವ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ಹೊಕ್ಕವರ ದೃಷ್ಟಿ ತಾನಾಗಿಯೇ ಮೇಲಕ್ಕೆ ಹರಿಯುತ್ತದೆ. ಗೋಡೆ, ಕಮಾನು, ಛಾವಣಿ ಎಲ್ಲೆಲ್ಲೂ ಚಿತ್ರಗಳು. ಇವನ್ನು ರಚಿಸಿದವರು ಪ್ರಸಂಗಪೀಠವೇರಿದ ಧರ್ಮಗುರುಗಳಲ್ಲ. ಯೇಸುಸಭೆಯ ಓರ್ವ ಧರ್ಮಸಹೋದರರು, ಬ್ರದರ್ ಆಂಟೋನಿಯೊ ಮೊಸ್ಕೆನಿ.

ಇಟಲಿಯ ಬೆರ್ಗಾಮೊ ಬಳಿಯ ಸ್ಟೆಜ್ಜಾನೊ ಎಂಬಲ್ಲಿ 1854ರಲ್ಲಿ ಜನಿಸಿದ ಮೊಸ್ಕೆನಿ, ಬೆರ್ಗಾಮೊದ ಕರಾರಾ ಕಲಾಶಾಲೆಯಲ್ಲಿ ಚಿತ್ರಕಲೆಯನ್ನು ಅಭ್ಯಸಿಸಿದರು. 1889ರಲ್ಲಿ, ಮೂವತ್ತೈದರ ಪ್ರಾಯದಲ್ಲಿ, ಯೇಸುಸಭೆಯನ್ನು ಸೇರಿದರು. ಸರ್ವಸ್ವವನ್ನೂ ತೊರೆದು ಬಂದವರ ಕೈಗೆ ಸಭೆಯು ಅವರ ಕುಂಚವನ್ನೇ ಮರಳಿ ನೀಡಿತು. ಅಂದಿನಿಂದ ಅದು ಜೀವನೋಪಾಯದ ಸಾಧನವಾಗಿ ಉಳಿಯದೆ ಸೇವೆಯ ಉಪಕರಣವಾಯಿತು.

ಇಟಲಿಯ ಯೇಸುಸಭೆಯವರು ಮಂಗಳೂರಿಗೆ ಬಂದುದು 1878ರ ಕೊನೆಯಲ್ಲಿ. ಕಾಲೇಜು ಆರಂಭವಾದುದು 1880ರಲ್ಲಿ. ಅದರ ಪ್ರಾರ್ಥನಾಲಯವನ್ನು ಚಿತ್ರಗಳಿಂದ ಅಲಂಕರಿಸುವ ಹೊಣೆ ಮೊಸ್ಕೆನಿಯವರ ಪಾಲಿಗೆ ಬಂತು. 1899ರಿಂದ 1901ರವರೆಗೆ ಅವರು ಇಲ್ಲಿ ದುಡಿದರು. ಗೋಡೆಯ ಮೇಲಣ ಭಿತ್ತಿಚಿತ್ರಗಳನ್ನು ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬರೆಯಬೇಕು. ಗಾರೆ ಒಣಗಿತೆಂದರೆ ಬಣ್ಣ ಅದರಲ್ಲೇ ಬೆರೆತು ನಿಲ್ಲುತ್ತದೆ, ತಿದ್ದುಪಡಿಗೆ ಅವಕಾಶವಿಲ್ಲ. ಸ್ಥಿರವಾದ ಕೈ, ನಿಶ್ಚಿತವಾದ ಮನಸ್ಸು ಎರಡೂ ಬೇಕಾದ ಕಾಯಕವದು.

ಛಾವಣಿಯ ನಡುವಿನ ಚಿತ್ರಗಳಲ್ಲಿ ಸಂತ ಅಲೋಶಿಯಸರ ಜೀವನಚರಿತ್ರೆ ಇದೆ. ಸಂತ ಚಾರ್ಲ್ಸ್ ಬೊರೊಮಿಯೊರವರಿಂದ ಪ್ರಥಮ ಪರಮಪ್ರಸಾದ ಸ್ವೀಕರಿಸುವ ಬಾಲಕ, ಪಿತ್ರಾರ್ಜಿತ ಹಕ್ಕನ್ನು ಬಿಟ್ಟುಕೊಡುವ ತರುಣ, ರೋಮ್ ನಗರದಲ್ಲಿ ಪ್ಲೇಗ್ ಪೀಡಿತರನ್ನು ಆರೈಕೆ ಮಾಡುವ ಸೇವಕ. ವಯಸ್ಸು ಬೇರೆ, ಉಡುಪು ಬೇರೆ. ಆದರೂ ವ್ಯಕ್ತಿ ಒಬ್ಬನೇ ಎಂದು ನೋಡುಗನಿಗೆ ತಿಳಿಯಬೇಕು. ಮುಖಗಳನ್ನು ಬರೆಯಬಲ್ಲವನ ನಿಜವಾದ ಪರೀಕ್ಷೆ ಇದು. ಹಕ್ಕನ್ನು ತೊರೆವ ತರುಣನನ್ನು ಬರೆದ ಕೈ ಸ್ವತಃ ತೊರೆದು ಬಂದವರದೇ ಎಂಬುದನ್ನು ನಾವು ಮರೆಯಲಾಗದು.

ಮಂಗಳೂರಿನ ಬಳಿಕ ಕೊಚ್ಚಿಯ ಸಾಂತಾಕ್ರೂಸ್ ಪ್ರಧಾನಾಲಯದಲ್ಲಿ ಅವರು ಚಿತ್ರಗಳನ್ನು ರಚಿಸಿದರು. ಆ ದೇವಾಲಯದ ಪವಿತ್ರೀಕರಣ ನಡೆದುದು 1905ರ ನವೆಂಬರ್ 19ರಂದು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಕಲಾವಿದರಿಗಿರಲಿಲ್ಲ. ಕೆಲವೇ ದಿನಗಳ ಹಿಂದೆ, ತಮ್ಮ 51ನೆಯ ವಯಸ್ಸಿನಲ್ಲಿ ಅವರು ಪ್ರಭುವಿನಲ್ಲಿ ಐಕ್ಯರಾಗಿದ್ದರು.

ಕರಾವಳಿಯ ಮಳೆ, ತೇವ ಮತ್ತು ಉಪ್ಪುಗಾಳಿ ಭಿತ್ತಿಚಿತ್ರಗಳಿಗೆ ಶತ್ರುಗಳು. ಕಾಲಕ್ರಮೇಣ ಮಾಸಿದ್ದ ಮಂಗಳೂರಿನ ಚಿತ್ರಗಳನ್ನು 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆಯ ಲಕ್ನೋ ಕೇಂದ್ರದ ತಜ್ಞರು ಸಂರಕ್ಷಿಸಿದರು. ಇದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಸಂತ ಅಲೋಶಿಯಸರ ಹಬ್ಬ ಜೂನ್ 21ರಂದು, ಮಳೆಗಾಲದ ನಡುವೆಯೇ ಬರುತ್ತದೆ. ಅಂದು ಬಲಿಪೂಜೆಗೆ ಹೋದವರು ಒಂದು ಕ್ಷಣ ತಲೆಯೆತ್ತಿ ನೋಡಲಿ. ಹೆಸರನ್ನು ಬಯಸದೆ ದುಡಿದ ಆ ಸಹೋದರರಿಗಾಗಿ ಒಂದು ಪ್ರಾರ್ಥನೆ ಸಲ್ಲಿಸಲಿ. ಅವರು ಬಿಟ್ಟುಹೋದುದನ್ನು ಮುಂದಿನ ಪೀಳಿಗೆಗೆ ಒಪ್ಪಿಸುವ ಹೊಣೆ ನಮ್ಮದು.