ಸ್ಪೀಕರಿನ ಗುಣ ಹೇಳುವ ಮೂರು ಅಂಕಿ

ಮನೆಯಲ್ಲೇ ಸ್ಪೀಕರ್ ಪೆಟ್ಟಿಗೆ ಕಟ್ಟಲು ಹೊರಟವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: 'ಇದು ಎಷ್ಟು ವ್ಯಾಟ್?' ಆಮೇಲೆ ಅದನ್ನು ಕೈಯಲ್ಲಿ ಎತ್ತಿ ಹಿಂಭಾಗದ ಅಯಸ್ಕಾಂತದ ತೂಕ ನೋಡುತ್ತಾರೆ. ಭಾರವಿದ್ದರೆ ಒಳ್ಳೆಯದು ಎಂಬ ನಂಬಿಕೆ. ಅದು ಹೇಗೆ ಹಾಡುತ್ತದೆ ಎಂಬುದು ಈ ಎರಡೂ ಪರೀಕ್ಷೆಗಳಿಂದ ತಿಳಿಯುವುದಿಲ್ಲ. ದುಡ್ಡು ಸುರಿದು, ಚಂದದ ಪೆಟ್ಟಿಗೆ ಮಾಡಿಸಿ, ಕೊನೆಗೆ ಮೃದಂಗದ ಎಡಮುಖದ ನಾದಕ್ಕೆ ಬದಲಾಗಿ ಬರೀ ಗುಂಯ್‌ಗುಟ್ಟುವ ಸದ್ದು ಬಂದರೆ ಬೈಸಿಕೊಳ್ಳುವವನು ಬಡಗಿ. ಅವನ ತಪ್ಪು ಅದರಲ್ಲಿ ಇರುವುದು ಅಪರೂಪ.

ಪೆಟ್ಟಿಗೆಯೊಳಗೆ ಕೂರುವ ದುಂಡನೆಯ ಭಾಗಕ್ಕೆ ಎಂಜಿನಿಯರುಗಳು 'ಡ್ರೈವರ್' ಎನ್ನುತ್ತಾರೆ. ನಮ್ಮ ಅಂಗಡಿಗಳಲ್ಲಿ ಅದೇ 'ಸ್ಪೀಕರ್'. ಅಯಸ್ಕಾಂತದ ಸಂದಿಯಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕೋನ್. ವಿದ್ಯುತ್ ಹರಿದಂತೆ ಕೋನ್ ಹಿಂದೆ ಮುಂದೆ ಸರಿದು ಗಾಳಿಯನ್ನು ತಳ್ಳುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ವಿವರಿಸಿದ ಈ ರಚನೆ ಮೂಲದಲ್ಲಿ ಇಂದಿಗೂ ಬದಲಾಗಿಲ್ಲ.

ಆದರೆ ಅದಕ್ಕೆ ಎಂಥ ಪೆಟ್ಟಿಗೆ ಬೇಕು ಎಂಬುದು ಬಹುಕಾಲ ಅಂದಾಜಿನ ಲೆಕ್ಕವಾಗಿತ್ತು. ಕಟ್ಟುವುದು, ಕೇಳುವುದು, ಹಿಡಿಸದಿದ್ದರೆ ಬಿಚ್ಚಿ ಮತ್ತೆ ಕಟ್ಟುವುದು. ಈ ಗೋಜಲನ್ನು ಬಿಡಿಸಿದವರು ಆಸ್ಟ್ರೇಲಿಯದ ಎಂಜಿನಿಯರ್ ನೆವಿಲ್ ಥೀಲ್. ಪೆಟ್ಟಿಗೆಯಲ್ಲಿ ಕುಳಿತ ಡ್ರೈವರ್ ಒಂದು ವಿದ್ಯುತ್ ಫಿಲ್ಟರಿನಂತೆ ವರ್ತಿಸುತ್ತದೆ, ಆದ್ದರಿಂದ ಗರಗಸ ಹಿಡಿಯುವ ಮೊದಲೇ ಫಲಿತಾಂಶ ಲೆಕ್ಕ ಹಾಕಬಹುದು ಎಂದು ಅವರು 1961ರಲ್ಲಿ ತೋರಿಸಿದರು. ಅವರ ಪ್ರಬಂಧ ಅಮೆರಿಕದ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಮರುಮುದ್ರಣವಾಗಿ ಜಗತ್ತಿನ ಕಣ್ಣಿಗೆ ಬೀಳಲು ಹತ್ತು ವರ್ಷ ಬೇಕಾಯಿತು. ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿದ ರಿಚರ್ಡ್ ಸ್ಮಾಲ್ 1972-73ರಲ್ಲಿ ಅದನ್ನು ವಿಸ್ತರಿಸಿದರು. ಇಂದು ಒಳ್ಳೆಯ ಡ್ರೈವರಿನ ಜೊತೆ ಬರುವ ವಿವರಪಟ್ಟಿಯಲ್ಲಿ 'ಥೀಲ್-ಸ್ಮಾಲ್' ಎಂದಿರುವುದು ಇವರಿಬ್ಬರ ಹೆಸರು.

ಅದರಲ್ಲಿ ಮುಖ್ಯವಾದವು ಮೂರು. ಎಫ್‌ಎಸ್ ಎಂದರೆ ಕೋನಿನ ಸಹಜ ಕಂಪನ. ಇದು ಕಡಿಮೆಯಾದಷ್ಟೂ ಮಂದ್ರಕ್ಕೆ ಇಳಿಯುವುದು ಸುಲಭ. ಕ್ಯೂಟಿಎಸ್ ಎಂದರೆ ಹತೋಟಿ. ನೂಕಿದ ಉಯ್ಯಾಲೆ ಎಷ್ಟು ಬೇಗ ನಿಲ್ಲುತ್ತದೆ ಎಂಬಂತೆ, ಸಂಖ್ಯೆ ಚಿಕ್ಕದಾದಷ್ಟೂ ಕೋನಿನ ಮೇಲೆ ಹಿಡಿತ ಹೆಚ್ಚು. ವಿಎಎಸ್ ಎಂದರೆ ಕೋನನ್ನು ಹಿಡಿದಿಟ್ಟ ಅಂಚು-ಆಧಾರಗಳಷ್ಟೇ ಸ್ಪ್ರಿಂಗ್‌ತನವಿರುವ ಗಾಳಿಯ ಪ್ರಮಾಣ, ಲೀಟರಿನಲ್ಲಿ.

ಒಂದು ಲೆಕ್ಕ ನೋಡೋಣ. ಎರಡು ಡ್ರೈವರುಗಳಿವೆ. ಎರಡರದೂ ಎಫ್‌ಎಸ್ 30 ಹರ್ಟ್ಸ್, ವಿಎಎಸ್ 40 ಲೀಟರ್. ಕ್ಯೂಟಿಎಸ್ ಮಾತ್ರ ಒಂದರದು 0.35, ಇನ್ನೊಂದರದು 0.5. ಸಮನಾದ ನಾದಕ್ಕೆ ಮೊದಲನೆಯದಕ್ಕೆ ಸುಮಾರು 13 ಲೀಟರಿನ ಮುಚ್ಚಿದ ಪೆಟ್ಟಿಗೆ ಸಾಕು, ಆದರೆ ದನಿ ಸುಮಾರು 60 ಹರ್ಟ್ಸ್‌ನಿಂದ ಕೆಳಗೆ ಸೊರಗುತ್ತದೆ. ಎರಡನೆಯದಕ್ಕೆ 40 ಲೀಟರ್ ಬೇಕು. ಅದು ಸುಮಾರು 42 ಹರ್ಟ್ಸ್‌ವರೆಗೆ ಇಳಿಯುತ್ತದೆ. ಜಾಗ ಉಳಿಸಲೆಂದು ಎರಡನೆಯದನ್ನೂ 13 ಲೀಟರಿಗೆ ತುರುಕಿದರೆ? ಬಡಗಿಗೆ ಬೈಗುಳ ತಂದ ಗುಂಯ್‌ಗುಟ್ಟುವಿಕೆ ಅದೇ. ನೋಡಲು ಎರಡೂ ಒಂದೇ ತರಹ ಇರಬಹುದು, ಬೆಲೆಯೂ ಒಂದೇ ಇರಬಹುದು.

ಇನ್ನು ವ್ಯಾಟ್. ಅದು ಸುರುಳಿ ಸುಡದೆ ತಾಳಿಕೊಳ್ಳುವ ಶಕ್ತಿಯನ್ನು ಹೇಳುತ್ತದೆಯೇ ಹೊರತು ಸದ್ದನ್ನಲ್ಲ. (1990ರ ದಶಕದ ಸ್ಟೀರಿಯೊಗಳ ಮೇಲೆ ಸಾವಿರಾರು ವ್ಯಾಟ್ 'ಪಿಎಂಪಿಒ' ಎಂದು ಅಚ್ಚಾಗಿರುತ್ತಿದ್ದುದು ಅದಕ್ಕೂ ಮೀರಿದ ಮಾತು.) ಸದ್ದಿಗೆ ನೋಡಬೇಕಾದದ್ದು ಸಂವೇದನೆ: ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್. ಮೂರು ಡೆಸಿಬೆಲ್ ಕಡಿಮೆಯಾದರೆ ಅಷ್ಟೇ ಸದ್ದಿಗೆ ಇಮ್ಮಡಿ ವಿದ್ಯುತ್ ಬೇಕು. ಟ್ವೀಟರಿನ ಸಂವೇದನೆ ವೂಫರಿಗಿಂತ ತುಸು ಹೆಚ್ಚಿದ್ದರೆ ಚಿಂತೆಯಿಲ್ಲ, ರೆಸಿಸ್ಟರ್ ಹಾಕಿ ತಗ್ಗಿಸಬಹುದು. ಕಡಿಮೆಯಿದ್ದರೆ ದಾರಿಯಿಲ್ಲ. ಅಯಸ್ಕಾಂತದ ಗಾತ್ರವೂ ಮೋಸ ಮಾಡುತ್ತದೆ. ಚಿಕ್ಕ ನಿಯೋಡಿಮಿಯಂ ತುಂಡು ದಪ್ಪ ಫೆರೈಟ್ ಬಿಲ್ಲೆಗೆ ಸಮನಾಗಬಲ್ಲದು.

ಕೋನಿನ ಅಂಚನ್ನು ಮಾತ್ರ ಕಣ್ಣಾರೆ ನೋಡಿಯೇ ಕೊಳ್ಳಬೇಕು. ಫೋಮಿನ ಅಂಚು ತೇವ, ಸೆಕೆಗೆ ಕೆಲವು ವರ್ಷಗಳಲ್ಲೇ ಪುಡಿಯಾಗಿ ಉದುರುತ್ತದೆ. ಕರಾವಳಿಯವರಿಗೆ ರಬ್ಬರೇ ಲೇಸು. ಎಡಬಲದ ಜೋಡಿಯನ್ನು ಒಟ್ಟಿಗೇ ಕೊಳ್ಳುವುದೂ ಮುಖ್ಯ. ಬಿಬಿಸಿ ತನ್ನ ಎಂಜಿನಿಯರುಗಳಿಗಾಗಿ ರೂಪಿಸಿದ ಪ್ರಸಿದ್ಧ ಎಲ್‌ಎಸ್3/5ಎ ಪುಟ್ಟ ಸ್ಪೀಕರಿನಲ್ಲಿ ಕೆಇಎಫ್ ಕಂಪೆನಿಯ ಡ್ರೈವರುಗಳಿದ್ದವು. ವರ್ಷಗಳು ಕಳೆದಂತೆ ಅವುಗಳ ಗುಣ ತುಸು ಬದಲಾಗಿ, 1980ರ ದಶಕದ ಕೊನೆಯಲ್ಲಿ ಒಳಗಿನ ಕ್ರಾಸ್‌ಓವರ್ ಸರ್ಕ್ಯೂಟನ್ನೇ ಹೊಸದಾಗಿ ಮಾಡಬೇಕಾಯಿತು.

ವಿವರಪಟ್ಟಿಯೇ ಇಲ್ಲದ ಡ್ರೈವರನ್ನು ಬದಿಗಿಡಬೇಕಾಗಿಲ್ಲ. ಕಂಪ್ಯೂಟರಿನಿಂದ ಬೇರೆ ಬೇರೆ ಹರ್ಟ್ಸ್‌ನ ಸದ್ದು ಹಾಯಿಸಿ, ರೆಸಿಸ್ಟರ್ ಮತ್ತು ಮೀಟರ್ ಜೋಡಿಸಿ ನೋಡಿದರೆ ಒಂದು ಕಡೆ ವಿದ್ಯುತ್ತಿಗೆ ಅಡ್ಡಿ ಶಿಖರಕ್ಕೇರುತ್ತದೆ. ಅದೇ ಎಫ್‌ಎಸ್. ಶಿಖರ ಎಷ್ಟು ಚೂಪು ಎಂಬುದರಿಂದ ಕ್ಯೂಟಿಎಸ್ ಸಿಗುತ್ತದೆ. ಕೋನಿಗೆ ತೂಗಿದ ಕೆಲವು ಗ್ರಾಂ ಮಕ್ಕಳ ಜೇಡಿಯನ್ನು ಮೆತ್ತಿ ಮತ್ತೆ ಅಳೆದರೆ ಶಿಖರ ಕೆಳಕ್ಕೆ ಸರಿಯುತ್ತದೆ. ಎಷ್ಟು ಸರಿಯಿತು ಎಂಬುದರಿಂದ, ಕೋನಿನ ಅಗಲವನ್ನೂ ಸೇರಿಸಿ, ವಿಎಎಸ್ ಲೆಕ್ಕ ಹಾಕಬಹುದು. ಬಡಗಿಗೆ ಅಳತೆ ಕೊಡುವುದು ಅದಾದ ಮೇಲೆ.