ಬತ್ತಿಯ ವಿಜ್ಞಾನ: ಪಣತಿಯಿಂದ ವಿದ್ಯುತ್ ಸಿಗರೇಟಿನವರೆಗೆ

ವಿಜಯಪುರ ಜಿಲ್ಲೆಯ ಇಂಡಿ ಸೀಮೆಯಲ್ಲಿರುವ ಹಲಸಂಗಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಬೀಸುವ ಪದಗಳನ್ನು ಕೇಳಿ ಬರೆದುಕೊಂಡರು. ಆ ಸಂಗ್ರಹವು 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಪ್ರಕಟವಾಯಿತು. ನಸುಕಿನಲ್ಲಿ ಎದ್ದು ಜೋಳ ಬೀಸುತ್ತಿದ್ದ ಆ ಕಾಲದ ತಾಯಂದಿರಿಗೆ ಬೆಳಕು ನೀಡುತ್ತಿದ್ದುದು ಪಣತಿ, ಚಿಮಣಿ ಅಥವಾ ಕಂದೀಲು. ಬತ್ತಿಯನ್ನು ಎಷ್ಟು ದಪ್ಪ ಹೊಸೆಯಬೇಕು, ಅದರ ಕುಡಿಯನ್ನು ಎಷ್ಟು ಮುಂದಕ್ಕೆ ಚಾಚಬೇಕು, ಎಣ್ಣೆ ಎಲ್ಲಿಯವರೆಗೆ ಇಳಿದರೆ ಮತ್ತೆ ಹೊಯ್ಯಬೇಕು ಎಂಬುದು ಅವರ ಕೈಗೆ ತಿಳಿದಿತ್ತು. ಎಣ್ಣೆ ತೀರಿದ ಪಣತಿಯಲ್ಲಿ ಬತ್ತಿಯೇ ಸುಟ್ಟು ಕರಕಲಾಗುತ್ತದೆ. ಕುಡಿಯನ್ನು ಮಿತಿಮೀರಿ ಚಾಚಿದರೆ ಗೋಡೆಗೆಲ್ಲ ಮಸಿ ಹಿಡಿಯುತ್ತದೆ. ಇವು ಶಾಲೆಯಲ್ಲಿ ಕಲಿತ ಪಾಠಗಳಲ್ಲ. ಆದರೂ ಭೌತಶಾಸ್ತ್ರದ ಪಾಠಗಳೇ.

ಇಂದು ಹಳ್ಳಿಹಳ್ಳಿಗೂ ವಿದ್ಯುದ್ದೀಪ ಬಂದಿದೆ. ಬತ್ತಿಯು ದೇವರ ಮನೆಗೆ ಸರಿದಿದೆ. ಆದರೆ ಅದೇ ಹತ್ತಿಯ ಬತ್ತಿಯು ತೀರ ಅನಿರೀಕ್ಷಿತವಾದ ಒಂದು ಸ್ಥಳದಲ್ಲಿ ಮತ್ತೆ ಕಾಣಿಸಿಕೊಂಡಿದೆ. ಅದು ವಿದ್ಯುತ್ ಸಿಗರೇಟು. ಈ ಉಪಕರಣದ ಮಾರಾಟವು ನಮ್ಮ ದೇಶದಲ್ಲಿ ನಿಷಿದ್ಧ; ಆದರೂ ಕದ್ದುಮುಚ್ಚಿ ತಂದು ಸೇದುವ ತರುಣರುಂಟು. ‘ಇದರಲ್ಲಿ ಬೆಂಕಿಯಿಲ್ಲ, ಹೊಗೆಯಿಲ್ಲ, ಬರಿಯ ಆವಿ’ ಎಂಬುದು ಅವರ ವಾದ. ಈ ವಾದವು ಎಷ್ಟರ ಮಟ್ಟಿಗೆ ನಿಜ? ಬತ್ತಿಯ ವಿಜ್ಞಾನವನ್ನು ಅರಿತರೆ ಉತ್ತರವು ತಾನಾಗಿಯೇ ದೊರೆಯುತ್ತದೆ.

ದ್ರವವು ಮೇಲೇರುವ ಬಗೆ

ನೀರು ತಗ್ಗಿಗೆ ಹರಿಯುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಹಾಗಿದ್ದರೆ ಪಣತಿಯ ಎಣ್ಣೆ ಬತ್ತಿಯ ತುದಿಗೆ ಏರುವುದೇಕೆ? ಒಂದು ತೆಳುವಾದ ಗಾಜಿನ ನಳಿಗೆಯನ್ನು ನೀರಿನಲ್ಲಿ ನಿಲ್ಲಿಸಿ ನೋಡಿದರೆ ಈ ರಹಸ್ಯ ಬಯಲಾಗುತ್ತದೆ. ನೀರಿನ ಕಣಗಳಿಗೆ ತಮ್ಮತಮ್ಮಲ್ಲಿ ಒಂದು ಸೆಳೆತವಿದೆ. ಗಾಜಿನ ಮೇಲೆ ಅದಕ್ಕಿಂತ ಹೆಚ್ಚಿನ ಸೆಳೆತವಿದೆ. ಆದುದರಿಂದ ನೀರು ಗಾಜಿನ ಗೋಡೆಯನ್ನು ಹಿಡಿದು ಏರುತ್ತದೆ. ಏರಿದ ನೀರಿನ ತೂಕವು ಈ ಸೆಳೆತಕ್ಕೆ ಸಮವಾದಾಗ ನಿಲ್ಲುತ್ತದೆ. ಇದನ್ನೇ ಲೋಮನಾಳ ಕ್ರಿಯೆ ಎನ್ನುತ್ತಾರೆ. ನಳಿಗೆ ಕಿರಿದಾದಷ್ಟೂ ಏರಿಕೆ ಹೆಚ್ಚು. ಒಂದು ಮಿಲಿಮೀಟರ್ ವ್ಯಾಸದ ನಳಿಗೆಯಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರಿದರೆ, ಅದರ ಐದನೆಯ ಒಂದು ಪಾಲು ವ್ಯಾಸದ ನಳಿಗೆಯಲ್ಲಿ ಸುಮಾರು 15 ಸೆಂಟಿಮೀಟರ್ ಏರುತ್ತದೆ. ಈ ನಿಯಮವನ್ನು ಇಂಗ್ಲೆಂಡಿನ ಜೇಮ್ಸ್ ಜೂರಿನ್ 1718ರಲ್ಲಿ ನಿರೂಪಿಸಿದನು.

ಬತ್ತಿಯಲ್ಲಿ ಗಾಜಿನ ನಳಿಗೆಗಳಿಲ್ಲ. ಆದರೆ ಹತ್ತಿಯ ಎಳೆ ಎಳೆಯ ನಡುವೆ ಸಹಸ್ರಾರು ಸಂದುಗಳಿವೆ. ಅವೇ ಅದರ ನಳಿಗೆಗಳು. ಬಿಗಿಯಾಗಿ ಹೊಸೆದರೆ ಸಂದುಗಳು ಕಿರಿದಾಗಿ ದ್ರವವು ಎತ್ತರಕ್ಕೆ ಏರಬಲ್ಲದು. ಆದರೆ ಇಕ್ಕಟ್ಟಾದ ದಾರಿಯಲ್ಲಿ ಅದರ ನಡೆ ನಿಧಾನ. ಸಡಿಲವಾಗಿ ಹೊಸೆದರೆ ನಡೆ ಬಿರುಸು. ಆದರೆ ಎತ್ತರ ಕಡಮೆ. ಒಳ್ಳೆಯ ಬತ್ತಿಯು ಇವೆರಡರ ನಡುವಣ ಒಪ್ಪಂದ.

ದ್ರವದ ಗುಣವೂ ಮುಖ್ಯ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆಯ ದೀಪವು ನಂದಿಹೋಗುವುದನ್ನು ವಾಚಕರು ಕಂಡಿರಬಹುದು. ಎಣ್ಣೆ ಹೆಪ್ಪುಗಟ್ಟಿದಾಗ ಬತ್ತಿಗೆ ಅದನ್ನು ಏರಿಸುವ ಶಕ್ತಿಯಿಲ್ಲ.

ಇಲ್ಲಿ ಇನ್ನೊಂದು ಸೋಜಿಗವಿದೆ. ಹೊಲದಿಂದ ಬಿಡಿಸಿ ತಂದ ಹತ್ತಿಯನ್ನು ನೀರಿನ ಮೇಲೆ ಹಾಕಿದರೆ ಅದು ಬಹಳ ಹೊತ್ತು ತೇಲುತ್ತದೆ. ಎಣ್ಣೆಯಲ್ಲಿ ಹಾಕಿದರೆ ಒಡನೆಯೇ ತೋಯುತ್ತದೆ. ಕಾರಣವೇನು? ಹತ್ತಿಯ ಎಳೆಯ ಮೇಲೆ ಸಹಜವಾಗಿಯೇ ಮೇಣದ ಒಂದು ತೆಳು ಲೇಪವಿದೆ. ಅದು ನೀರನ್ನು ದೂರವಿಟ್ಟು ಎಣ್ಣೆಯನ್ನು ಬರಮಾಡಿಕೊಳ್ಳುತ್ತದೆ. ಕ್ಷಾರದಲ್ಲಿ ಕುದಿಸಿ ಆ ಮೇಣವನ್ನು ತೆಗೆದರೆ ದವಾಖಾನೆಯಲ್ಲಿ ಬಳಸುವ ಹೀರುವ ಹತ್ತಿಯಾಗುತ್ತದೆ. ದೀಪದ ಬತ್ತಿಗೆ ಹೊಲದ ಹತ್ತಿ ಸಾಕು. ವಿದ್ಯುತ್ ಸಿಗರೇಟಿನ ದ್ರವವು ನೀರಿನ ಜಾತಿಗೆ ಸೇರಿದುದರಿಂದ ಅದಕ್ಕೆ ಮೇಣ ತೆಗೆದ ಹತ್ತಿಯೇ ಬೇಕು.

ಬತ್ತಿಯು ಸುಡದಿರುವುದೇಕೆ?

ಕಾಗದದ ದೊನ್ನೆಯಲ್ಲಿ ನೀರು ತುಂಬಿ ಉರಿಯ ಮೇಲೆ ಹಿಡಿದರೆ ನೀರು ಕಾಯುತ್ತದೆಯೇ ಹೊರತು ದೊನ್ನೆ ಸುಡುವುದಿಲ್ಲ. ಬಂದ ಕಾವನ್ನೆಲ್ಲ ನೀರು ಹೀರಿ, ತಾನು ಕುದಿಯುವ 100 ಡಿಗ್ರಿಯ ಆಚೆಗೆ ಕಾಗದವು ಕಾಯದಂತೆ ತಡೆಯುತ್ತದೆ. ನೀರು ಆರಿದ ಮರುಕ್ಷಣವೇ ಕಾಗದವು ಹೊತ್ತಿಕೊಳ್ಳುತ್ತದೆ.

ಬತ್ತಿಯ ಕಥೆಯೂ ಇದೇ. ದೀಪದಲ್ಲಿ ಉರಿಯುವುದು ಎಣ್ಣೆಯ ಆವಿ. ಆವಿಯಾಗುವ ಎಣ್ಣೆಯು ಬತ್ತಿಯ ಕಾವನ್ನು ಕೊಂಡೊಯ್ಯುತ್ತಿರುವ ತನಕ ಹತ್ತಿಯು ಹೆಚ್ಚು ಸುಡದೆ ಬಾಳುತ್ತದೆ. ಆದುದರಿಂದ ನಿಯಮವಿಷ್ಟೆ: ಕಾವು ಎಷ್ಟು ವೇಗವಾಗಿ ದ್ರವವನ್ನು ಆವಿ ಮಾಡುತ್ತದೆಯೋ ಅಷ್ಟೇ ವೇಗವಾಗಿ ಬತ್ತಿಯು ಹೊಸ ದ್ರವವನ್ನು ತರಬೇಕು. ತರಲಾರದಿದ್ದರೆ ಬತ್ತಿಯೇ ಉರುವಲಾಗುತ್ತದೆ. ಈ ಒಂದು ನಿಯಮವನ್ನು ನೆನಪಿನಲ್ಲಿಟ್ಟುಕೊಂಡು ಹೊಸ ಉಪಕರಣದತ್ತ ತಿರುಗೋಣ.

ತಂತಿ, ಬತ್ತಿ, ಗಾಳಿ

ತಂಬಾಕನ್ನು ಸುಡದೆ ಆವಿಯನ್ನು ಸೇದುವ ಉಪಕರಣವೊಂದಕ್ಕೆ ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ 1963ರಲ್ಲಿ ಅರ್ಜಿ ಹಾಕಿ 1965ರಲ್ಲಿ ಪೇಟೆಂಟ್ ಪಡೆದನು. ಅದು ಅಂಗಡಿಗೆ ಬರಲಿಲ್ಲ. ಚೀನದ ಔಷಧ ತಜ್ಞ ಹೊನ್ ಲಿಕ್ 2003ರಲ್ಲಿ ರೂಪಿಸಿದ ಉಪಕರಣದಿಂದ ಇಂದಿನ ವಿದ್ಯುತ್ ಸಿಗರೇಟಿನ ಪೀಳಿಗೆ ಆರಂಭವಾಯಿತು. ಸೇದುವವನೇ ಬಿಚ್ಚಿ, ತಂತಿ ಸುತ್ತಿ, ಬತ್ತಿ ಹಾಕಿ ಮರಳಿ ಕಟ್ಟಬಹುದಾದ ಒಂದು ಬಗೆಯೂ ಅನಂತರ ಬಳಕೆಗೆ ಬಂದಿತು. ಅದರ ಆವಿಕಾರಕ ಭಾಗಕ್ಕೆ ಅಟಾಮೈಸರ್ ಎಂದು ಹೆಸರು. ಹೆಸರು ಹೊಸತಾದರೂ ಒಳಗಿರುವುದು ನಮ್ಮ ಪಣತಿಯ ಬಂಧುವೇ.

ಇಲ್ಲಿ ಜ್ವಾಲೆಯ ಸ್ಥಾನದಲ್ಲಿ ಸುರುಳಿ ಸುತ್ತಿದ ತಂತಿಯಿದೆ. ಕಬ್ಬಿಣ, ಕ್ರೋಮಿಯಂ, ಅಲ್ಯುಮಿನಿಯಂ ಸೇರಿದ ಕಾಂತಾಲ್ ಅಥವಾ ನಿಕಲ್, ಕ್ರೋಮಿಯಂ ಸೇರಿದ ನೈಕ್ರೋಮ್ ಎಂಬ ಮಿಶ್ರಲೋಹಗಳನ್ನು ಇದಕ್ಕೆ ಬಳಸುತ್ತಾರೆ. ವಿದ್ಯುತ್ ಒಲೆಯ ತಂತಿಯೂ ಇದೇ ಕುಲದ್ದು. ಸುಮಾರು 0.32 ಮಿಲಿಮೀಟರ್ ದಪ್ಪದ ಕಾಂತಾಲ್ ತಂತಿಯ ಐದೂವರೆ ಸೆಂಟಿಮೀಟರ್ ತುಂಡಿಗೆ ಹೆಚ್ಚುಕಡಮೆ ಒಂದು ಓಮ್ ರೋಧವಿರುತ್ತದೆ. ಪೂರ್ಣ ತುಂಬಿದ ಲಿಥಿಯಂ ಕೋಶದ 4.2 ವೋಲ್ಟನ್ನು ಅದಕ್ಕೆ ಕೊಟ್ಟರೆ ಓಮನ ನಿಯಮದಂತೆ 4.2 ಆಂಪಿಯರ್ ಪ್ರವಾಹ ಹರಿದು, ಸುಮಾರು 17 ರಿಂದ 18 ವಾಟ್ ಕಾವು ಹುಟ್ಟುತ್ತದೆ. ರೋಧವನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿದರೆ ಲೆಕ್ಕದ ಪ್ರಕಾರ 42 ಆಂಪಿಯರ್ ಹರಿಯಬೇಕು. ಸಣ್ಣ ಕೋಶವು ಇಷ್ಟನ್ನು ತಾಳದು. ಅದು ಅತಿಯಾಗಿ ಕಾದು ಸಿಡಿಯುವ ಅಪಾಯವುಂಟು. ಸುತ್ತುಗಳು ಒಂದೇ ಸಮನಾಗಿರದಿದ್ದರೆ ಸುರುಳಿಯ ಒಂದೆರಡು ಕಡೆ ಮಾತ್ರ ಕೆಂಪಗೆ ಕಾಯುತ್ತದೆ. ಅಲ್ಲಿ ತಾಗಿದ ಹತ್ತಿಯು ಮೊದಲು ಸುಡುತ್ತದೆ.

ಸುರುಳಿಯ ನಡುವೆ ಹತ್ತಿಯನ್ನು ತೂರಿಸಿ, ಅದರ ಎರಡು ಬಾಲಗಳನ್ನು ದ್ರವದ ತೊಟ್ಟಿಯ ಕಿಂಡಿಗಳಿಗೆ ಇಳಿಬಿಡುತ್ತಾರೆ. ಹತ್ತಿ ಹೆಚ್ಚಾದರೆ ದಾರಿ ಬಿಗಿದು ದ್ರವ ಬಾರದು. ಕಡಮೆಯಾದರೆ ದ್ರವ ನುಗ್ಗಿ ಗಾಳಿಯ ದಾರಿಯಲ್ಲಿ ಸೋರುತ್ತದೆ. ಕೋಳಿಮರಿಗಳಿಗೆ ನೀರಿಡಲು ಬೋರಲು ಹಾಕಿದ ಸೀಸೆಯನ್ನು ನೋಡಿದವರಿಗೆ ಈ ತೊಟ್ಟಿಯ ಕೆಲಸ ಸುಲಭವಾಗಿ ತಿಳಿಯುತ್ತದೆ. ಒಳಗಿನಿಂದ ನೀರು ಹೊರಬಂದಷ್ಟು ಗಾಳಿ ಒಳಹೋಗಬೇಕು; ಗಾಳಿ ಹೋಗಲಾರದಾಗ ನೀರು ಅಲ್ಲಿಯೇ ನಿಲ್ಲುತ್ತದೆ. ಬತ್ತಿಯು ಕಿಂಡಿಯನ್ನು ತೀರ ಮುಚ್ಚಿದರೆ ತೊಟ್ಟಿ ತುಂಬಿದ್ದರೂ ಸುರುಳಿಗೆ ಬರಗಾಲ ತಪ್ಪದು.

ಮೂರನೆಯದು ಗಾಳಿ. 1780ರ ದಶಕದಲ್ಲಿ ಜಿನೀವಾದ ಎಮೆ ಆರ್ಗಾಂಡ್ ಎಂಬವನು ಟೊಳ್ಳು ಬತ್ತಿಯ ದೀಪವನ್ನು ನಿರ್ಮಿಸಿ, ಬತ್ತಿಯ ಒಳಗೂ ಹೊರಗೂ ಗಾಳಿ ಹರಿಯುವಂತೆ ಮಾಡಿದನು. ಬೆಳಕು ಹೆಚ್ಚಿತು, ಮಸಿ ತಗ್ಗಿತು. ದೀಪದಲ್ಲಿ ಗಾಳಿಯ ಕೆಲಸ ಉರಿಸುವುದು. ಅಟಾಮೈಸರಿನಲ್ಲಿ ಅದರ ಕೆಲಸ ತಣಿಸುವುದು. ಸುರುಳಿಯ ಸುತ್ತ ಹಾಯುವ ಗಾಳಿಯು ಆವಿಯನ್ನು ಕೊಂಡೊಯ್ದು ತಂಪಾಗಿಸುತ್ತದೆ. ಆಗ ಆವಿಯು ಕಣ್ಣಿಗೆ ಕಾಣುವ ಸೂಕ್ಷ್ಮ ಹನಿಗಳಾಗುತ್ತದೆ. ಆದುದರಿಂದ ಸೇದುವವನ ಬಾಯಿಂದ ಹೊರಡುವುದು ‘ಬರಿಯ ಆವಿ’ ಅಲ್ಲ. ಅದು ದ್ರವದ ಹನಿಗಳ ಮಂಜು.

ಬತ್ತಿ ಒಣಗಿದಾಗ

ಈ ದ್ರವದಲ್ಲಿ ಮುಖ್ಯವಾಗಿ ಇರುವುದು ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್. ಅವುಗಳೊಡನೆ ವಾಸನಾದ್ರವ್ಯ ಮತ್ತು ಬಹುಮಟ್ಟಿಗೆ ನಿಕೊಟಿನ್. ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ; ಗ್ಲಿಸರಿನ್ 290 ಡಿಗ್ರಿಯಲ್ಲಿ. ಗ್ಲಿಸರಿನ್ ಬಹಳ ಮಂದವಾದ ದ್ರವ. ಅದರ ಪಾಲು ಹೆಚ್ಚಿದಷ್ಟೂ ಬತ್ತಿಯಲ್ಲಿ ಅದರ ನಡೆ ನಿಧಾನ, ಆವಿಯಾಗಲು ಬೇಕಾದ ಕಾವು ಹೆಚ್ಚು. ಇಲ್ಲಿಯೇ ಅಪಾಯದ ಬೀಜವಿದೆ.

ಬಿಡುವಿಲ್ಲದೆ ಸೇದಿದಾಗ, ಇಲ್ಲವೆ ವಾಟು ಹೆಚ್ಚಿಸಿದಾಗ, ಬತ್ತಿಯು ತರುವುದಕ್ಕಿಂತ ಬೇಗ ಸುರುಳಿಯು ದ್ರವವನ್ನು ಮುಗಿಸುತ್ತದೆ. ತಣಿಸುವ ದ್ರವವಿಲ್ಲದೆ ತಂತಿಯ ಕಾವು ಥಟ್ಟನೆ ಏರಿ ಹತ್ತಿಯು ಕಂದಾಗುತ್ತದೆ. ಉಳಿದ ಗ್ಲಿಸರಿನ್ ಆವಿಯಾಗುವ ಬದಲು ಒಡೆದು ಅಕ್ರೊಲೀನ್ ಎಂಬ ಘಾಟು ವಸ್ತುವಾಗುತ್ತದೆ. ಬಾಣಲೆಯಲ್ಲಿ ಎಣ್ಣೆ ಸೀದಾಗ ಕಣ್ಣು ಉರಿಸುವ ಹೊಗೆಯಲ್ಲಿರುವುದು ಇದೇ ಅಕ್ರೊಲೀನ್. ಅದರೊಡನೆ ಫಾರ್ಮಾಲ್ಡಿಹೈಡ್ ಸಹ ಹುಟ್ಟುತ್ತದೆ. ಜೀವಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸತ್ತ ಕಪ್ಪೆಯನ್ನು ಕೆಡದಂತಿಡುವ ಫಾರ್ಮಲಿನ್ ದ್ರಾವಣದ ಮೂಲವಸ್ತು ಅದು. ಅದು ಕ್ಯಾನ್ಸರ್‌ಕಾರಕವೆಂದು ಸ್ಥಿರಪಟ್ಟಿದೆ.

ಇದರ ಬಗೆಗೆ ವಿಜ್ಞಾನಿಗಳಲ್ಲಿ ಒಂದು ಸ್ವಾರಸ್ಯವಾದ ವಾದ ನಡೆಯಿತು. ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾನಿಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, 3.3 ವೋಲ್ಟಿನಲ್ಲಿ ಕಾಣದ ಫಾರ್ಮಾಲ್ಡಿಹೈಡ್ ಸಂಯುಕ್ತಗಳು 5 ವೋಲ್ಟಿನಲ್ಲಿ ಕಾಣಿಸಿಕೊಂಡವು. ಅದೇ ವರ್ಷ ಬೇರೆ ಸಂಶೋಧಕರು ಆಕ್ಷೇಪವೆತ್ತಿದರು: ಅಷ್ಟು ಕಾವಿನಲ್ಲಿ ಬತ್ತಿ ಒಣಗಿ ಕಹಿ ಘಾಟು ಬರುತ್ತದೆ, ಪಳಗಿದವರು ಅದನ್ನು ಸೇದದೆ ಬಿಡುತ್ತಾರೆ ಎಂಬುದು ಅವರ ವಾದ. ಎರಡು ಪಕ್ಷಗಳೂ ಒಪ್ಪುವ ಸಂಗತಿ ಒಂದೇ: ಕೇಡು ಹೆಚ್ಚುವುದು ಬತ್ತಿಯ ಪೂರೈಕೆ ತಪ್ಪಿದಾಗ. ಆದರೆ ನಾಲಗೆಗೆ ತಿಳಿಯುವುದೇ ಅಪಾಯದ ಮೊದಲ ಮೆಟ್ಟಿಲು ಎಂದು ನಂಬಲು ಆಧಾರವೇನು? ರಾಸಾಯನಿಕ ಕ್ರಿಯೆಯು ಕಾವಿನೊಡನೆ ಮೆಲ್ಲಮೆಲ್ಲನೆ ಏರುತ್ತದೆ. ನಾಲಗೆಯ ಒಪ್ಪಿಗೆಗಾಗಿ ಅದು ಕಾಯುವುದಿಲ್ಲ.

ಸುಸ್ಥಿತಿಯಲ್ಲಿರುವ ಬತ್ತಿಯೂ ಎಲ್ಲವನ್ನೂ ತಡೆಯಲಾರದು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ತಂಡವೊಂದು 56 ಮಂದಿಯ ಉಪಕರಣಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಮಾಡಿತು. ಸೀಸೆಯಲ್ಲಿದ್ದ ದ್ರವಕ್ಕಿಂತ, ಸುರುಳಿಯನ್ನು ಹಾಯ್ದು ಬಂದ ಮಂಜಿನಲ್ಲಿ ಸೀಸ, ಕ್ರೋಮಿಯಂ, ನಿಕಲ್ ಮುಂತಾದ ಲೋಹಗಳ ಪ್ರಮಾಣ ಬಹಳ ಹೆಚ್ಚಾಗಿತ್ತು. ಅವು ಕಾದ ಉಪಕರಣದಿಂದಲೇ ಬಂದಿರಬೇಕು.

ಸುಡುವ ಸಿಗರೇಟು ಮತ್ತು ಬೀಡಿ ಇದಕ್ಕಿಂತ ಘೋರವೆಂಬುದನ್ನು ಮರೆಮಾಚಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಬಹುಕಾಲದ ಧೂಮಪಾನಿಗಳು ಚಟ ಬಿಡಲು ಇದನ್ನು ಊರುಗೋಲಾಗಿ ಬಳಸುವುದಕ್ಕೆ ಆರೋಗ್ಯಾಧಿಕಾರಿಗಳ ಸಮ್ಮತಿಯುಂಟು. ಆದರೆ ಎಂದೂ ಸೇದದ ತರುಣನಿಗೆ ಊರುಗೋಲಿನ ಅಗತ್ಯವೇನು? ನಿಕೊಟಿನ್ ಚಟವನ್ನು ಅಂಟಿಸುವ ವಸ್ತು. ಅದು ಬತ್ತಿಯಿಂದ ಬಂದರೂ ಬೀಡಿಯಿಂದ ಬಂದರೂ ಚಟ ಒಂದೇ.

ಇದನ್ನು ಮನಗಂಡೇ ಕರ್ನಾಟಕ ಸರ್ಕಾರವು 2016ರಲ್ಲಿ ವಿದ್ಯುತ್ ಸಿಗರೇಟಿನ ಮಾರಾಟವನ್ನು ನಿಷೇಧಿಸಿತು. ಕೇಂದ್ರ ಸರ್ಕಾರವು 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷ ಅದು ಕಾಯಿದೆಯಾಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದವರಿಗೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಉಂಟು. ಕದ್ದು ಮಾರುವ ವಸ್ತುವಿಗೆ ಪರೀಕ್ಷೆಯೂ ಇಲ್ಲ, ಹೊಣೆಗಾರರೂ ಇಲ್ಲ. ಸೀಸೆಯಲ್ಲಿ ಏನಿದೆಯೆಂದು ಕೊಳ್ಳುವವನಿಗೆ ತಿಳಿಯದು. ಅಮೆರಿಕದಲ್ಲಿ 2019ರಲ್ಲಿ ಹಬ್ಬಿದ ಶ್ವಾಸಕೋಶದ ಬೇನೆಯಿಂದ, 2020ರ ಫೆಬ್ರವರಿಯ ವೇಳೆಗೆ, 2,807 ಮಂದಿ ಆಸ್ಪತ್ರೆ ಸೇರಿದ್ದರು ಇಲ್ಲವೆ ಮೃತರಾಗಿದ್ದರು. ಮೃತರ ಸಂಖ್ಯೆ 68. ಮುಖ್ಯ ಕಾರಣವೆಂದು ಕಂಡುಬಂದುದು ಗಾಂಜಾಸತ್ವದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ನುಂಗಿದರೆ, ಚರ್ಮಕ್ಕೆ ಹಚ್ಚಿದರೆ ಅಪಾಯವಿಲ್ಲದ ವಸ್ತುವದು. ಹೊಟ್ಟೆಗೆ ಒಪ್ಪುವುದೆಲ್ಲ ಶ್ವಾಸಕೋಶಕ್ಕೆ ಒಪ್ಪುವುದಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಾಗಿಲ್ಲ.

ಸಂಜೆ ಮನೆಯಲ್ಲಿ ದೀಪ ಹಚ್ಚುವಾಗ ವಾಚಕರು ಒಂದು ಸಣ್ಣ ಪರೀಕ್ಷೆ ಮಾಡಬಹುದು. ಮೊದಲು ಬತ್ತಿಯ ಕುಡಿಯನ್ನು ಗಿಡ್ಡವಾಗಿಟ್ಟು ಅದರ ಮೇಲೆ ತುಸು ದೂರದಲ್ಲಿ ಉಕ್ಕಿನ ಬಟ್ಟಲನ್ನು ಹಿಡಿಯಿರಿ, ಮಸಿ ಅತ್ಯಲ್ಪ. ಅನಂತರ ಕುಡಿಯನ್ನು ಉದ್ದ ಚಾಚಿ ಮತ್ತೆ ಹಿಡಿಯಿರಿ, ಬಟ್ಟಲು ಕಪ್ಪಾಗುತ್ತದೆ. ಬತ್ತಿಯನ್ನು ಹದಗೆಡಿಸಿದ ತಪ್ಪು ಬಟ್ಟಲಿನ ಮೇಲೆ ಬರೆದಂತೆ ಕಾಣುತ್ತದೆ, ಒರೆಸಿದರೆ ಹೋಗುತ್ತದೆ. ವಿದ್ಯುತ್ ಸಿಗರೇಟಿನ ಬತ್ತಿ ಹದಗೆಟ್ಟಾಗ ಆ ಬಟ್ಟಲಿನ ಸ್ಥಾನದಲ್ಲಿರುವುದು ಸೇದುವವನ ಎದೆ. ಅಲ್ಲಿ ಹತ್ತಿದುದನ್ನು ನೋಡುವವರೂ ಇಲ್ಲ, ಒರೆಸುವ ಅರಿವೆಯೂ ಇಲ್ಲ.