ಬಂಡೆಯೊಳಗೆ ಅಡ್ಡಲಾಗಿ ಬಂದ ಕಣ

ನ್ಯೂಟ್ರಿನೊ ಯಾವ ಉಪಕರಣದಲ್ಲೂ ನೇರವಾಗಿ ಗುರುತು ಬಿಡುವುದಿಲ್ಲ. ಅಪರೂಪಕ್ಕೊಮ್ಮೆ ಅದು ಪರಮಾಣುವಿನ ಬೀಜಕ್ಕೆ ಬಡಿದಾಗ ಹುಟ್ಟುವ ಮ್ಯುವಾನ್‌ನಂಥ ಕಣವಷ್ಟೇ ನಮ್ಮ ಕೈಗೆ ಸಿಗುತ್ತದೆ. ತೊಡಕೆಂದರೆ, ವಿಶ್ವಕಿರಣಗಳು ವಾತಾವರಣಕ್ಕೆ ಅಪ್ಪಳಿಸಿದಾಗಲೂ ಮ್ಯುವಾನ್‌ಗಳು ಹುಟ್ಟಿ ಸದಾ ನೆಲಕ್ಕೆ ಸುರಿಯುತ್ತಿರುತ್ತವೆ. ಸಿಕ್ಕಿದ್ದು ನ್ಯೂಟ್ರಿನೊದಿಂದಲೇ ಹುಟ್ಟಿದ್ದು ಎಂದು ತಿಳಿಯುವುದು ಹೇಗೆ? ಆಳಕ್ಕಿಳಿದರೆ ಸಾಕು ಎಂಬುದು ಅರ್ಧ ಉತ್ತರ ಮಾತ್ರ. ನಿಜವಾದ ಸಾಕ್ಷಿ ಹೇಳುವುದು ಕಣ ಬಂದ ದಿಕ್ಕು.

ಇದನ್ನು ಮೊದಲು ತೋರಿಸಿದ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗಣಿಯ ಬೇರೆಬೇರೆ ಮಟ್ಟಗಳಲ್ಲಿ ಮ್ಯುವಾನ್‌ಗಳನ್ನು ಎಣಿಸುತ್ತ ಹೋದರು. ಸುಮಾರು 2.7 ಕಿ.ಮೀ. ಆಳದಲ್ಲಿ ಎರಡು ತಿಂಗಳು ಕಾದರೂ ಒಂದೂ ಸಿಗಲಿಲ್ಲ. ಉಪಕರಣ ಕೆಟ್ಟಿತ್ತೆಂದು ಶಂಕಿಸಲು ಕಾರಣವಿರಲಿಲ್ಲ, ಏಕೆಂದರೆ ಮೇಲಿನ ಮಟ್ಟಗಳಲ್ಲಿ ಆಳ ಹೆಚ್ಚಿದಂತೆ ಎಣಿಕೆ ಕ್ರಮವಾಗಿ ಇಳಿಯುತ್ತಲೇ ಬಂದಿತ್ತು. 1965ರಲ್ಲಿ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ ತಂಡಗಳ ಜೊತೆಗೂಡಿ 2.3 ಕಿ.ಮೀ. ಆಳದ ಸುರಂಗದಲ್ಲಿ ಎದುರುಬದುರಾಗಿ ಎರಡು ಸಿಂಟಿಲೇಟರ್ (ಕಣ ಹಾದಾಗ ಬೆಳಕು ಸೂಸುವ ವಸ್ತು) ಗೋಡೆಗಳನ್ನು ನಿಲ್ಲಿಸಿ, ನಡುವೆ ನಿಯಾನ್ ಕೊಳವೆಗಳ ಸಾಲುಗಳನ್ನು ಜೋಡಿಸಿದರು. ಕಣ ಹಾದುಹೋದ ದಾರಿಯಲ್ಲಿದ್ದ ಕೊಳವೆಗಳು ಮಾತ್ರ ಮಿನುಗುತ್ತಿದ್ದವು. ಆ ಮಿನುಗುಗಳನ್ನು ಸೇರಿಸಿದರೆ ಕಣದ ಓರೆ ಎಷ್ಟೆಂದು ತಿಳಿಯುತ್ತಿತ್ತು. ವಾತಾವರಣದ ಮ್ಯುವಾನ್ ಅಲ್ಲಿಗೆ ಅಡ್ಡಲಾಗಿ ಬರಬೇಕಾದರೆ ನೆತ್ತಿಯ ಮೇಲಿರುವ ಬಂಡೆಯ ಹಲವು ಪಟ್ಟು ಬಂಡೆಯನ್ನು ದಾಟಬೇಕು. ಅದು ಆಗದ ಮಾತು. ಅಡ್ಡಲಾಗಿ ಬಂದದ್ದು ಪಕ್ಕದ ಬಂಡೆಯಲ್ಲೇ ನ್ಯೂಟ್ರಿನೊದಿಂದ ಹುಟ್ಟಿರಬೇಕು. ಮೇಲಿಂದ ಬಂದದ್ದೇ ಬಂಡೆಗೆ ತಗುಲಿ ತಿರುಗಿರಬಾರದೇಕೆ ಎಂದು ಕೇಳಬಹುದು. ಅಷ್ಟು ಆಳ ತಲುಪುವ ಮ್ಯುವಾನ್‌ಗಳು ಬಂಡೆಯಲ್ಲಿ ಅಷ್ಟೊಂದು ಬಾಗುವುದಿಲ್ಲ. ಸಿಕ್ಕಿದ್ದು ಬೆರಳೆಣಿಕೆಯಷ್ಟೇ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ತಂಡಕ್ಕೂ ಇಂಥವೇ ಅಡ್ಡಕಣಗಳು ಸ್ವತಂತ್ರವಾಗಿ ಸಿಕ್ಕವು.

ಮೂವತ್ಮೂರು ವರ್ಷಗಳ ಬಳಿಕ ಇದೇ ತರ್ಕ ನ್ಯೂಟ್ರಿನೊದ ಸ್ವಭಾವವನ್ನೇ ಬಯಲಿಗೆಳೆಯಿತು. ಜಪಾನಿನ ಸೂಪರ್-ಕಾಮಿಯೊಕಾಂಡೆಯಲ್ಲಿ, 50,000 ಟನ್ ನೀರಿನ ತೊಟ್ಟಿಗೆ ಭೂಮಿಯ ಆಚೆ ಬದಿಯಿಂದ ಬರುವ ಮ್ಯುವಾನ್ ಬಗೆಯ ನ್ಯೂಟ್ರಿನೊಗಳು ಮೇಲಿಂದ ಬರುವವುಗಳ ಸುಮಾರು ಅರ್ಧದಷ್ಟೇ ಇದ್ದವು. ಭೂಮಿ ನುಂಗಿತೇ? ಆ ಶಕ್ತಿಯ ನ್ಯೂಟ್ರಿನೊಗಳನ್ನು ಭೂಮಿ ತಡೆಯುವುದು ತೀರಾ ಕಡಿಮೆ. ಅಲ್ಲದೆ ಎಲೆಕ್ಟ್ರಾನ್ ಬಗೆಯವುಗಳಲ್ಲಿ ಇಂಥ ಕೊರತೆ ಕಾಣಲಿಲ್ಲ. ಸಾವಿರಾರು ಕಿಲೋಮೀಟರ್ ಸಾಗುವಷ್ಟರಲ್ಲಿ ಮ್ಯುವಾನ್ ನ್ಯೂಟ್ರಿನೊಗಳು ಬಗೆ ಬದಲಿಸಿದ್ದವು. ಹಾಗೆ ಬದಲಾಗಬೇಕಾದರೆ ನ್ಯೂಟ್ರಿನೊಗಳಿಗೆ ದ್ರವ್ಯರಾಶಿ ಇರಲೇಬೇಕು. 1998ರಲ್ಲಿ ಇದನ್ನು ಪ್ರಕಟಿಸಿದ ತಕಾಕಿ ಕಜಿತಾ 2015ರ ನೊಬೆಲ್ ಹಂಚಿಕೊಂಡರು.

ನ್ಯೂಟ್ರಿನೊಗಳ ಮೂರು ದ್ರವ್ಯರಾಶಿಗಳಲ್ಲಿ ಯಾವುದು ಹಗುರ, ಯಾವುದು ಭಾರ ಎಂಬುದು ಇನ್ನೂ ಬಗೆಹರಿದಿಲ್ಲ. ತಮಿಳುನಾಡಿನ ತೇಣಿ ಜಿಲ್ಲೆಯ ಬೆಟ್ಟದಡಿ 50,000 ಟನ್ ಕಾಂತೀಯ ಕಬ್ಬಿಣದ ಉಪಕರಣವನ್ನು ಯೋಜಿಸಿದ್ದು ಮುಖ್ಯವಾಗಿ ಇದಕ್ಕಾಗಿಯೇ. ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತಾದರೂ ಪರಿಸರದ ಕುರಿತ ಸ್ಥಳೀಯರ ವಿರೋಧ ಮತ್ತು ವ್ಯಾಜ್ಯಗಳ ನಡುವೆ ಅದು ಮೇಲೇಳಲಿಲ್ಲ. ಆ ಆತಂಕಗಳಿಗೆ ತಾಳ್ಮೆಯಿಂದ ಉತ್ತರಿಸಬೇಕಾದ್ದು ವಿಜ್ಞಾನಿಗಳ ಹೊಣೆ. ಆದರೂ ಇಂಥ ಅಳತೆಗೆ ಕೋಲಾರದಲ್ಲಿ ದಾರಿ ತೋರಿದ ದೇಶ ಈಗ ಹೊರಗೆ ನಿಂತು, ಇದೇ ಪ್ರಶ್ನೆಗೆ ಉತ್ತರ ಹುಡುಕುತ್ತಿರುವ ಚೀನಾದ ಜೂನೊ ಪ್ರಯೋಗದ ಫಲಿತಾಂಶಕ್ಕೆ ಕಾಯಬೇಕಾಗಿರುವುದು ನಿಜವಾದ ನಷ್ಟ.